ಮಲಾರ್ಡೈಟ್ ಖನಿಜ: ಪದೇ ಪದೇ ಕೇಳುವ ಪ್ರಶ್ನೆಗಳು

ಖನಿಜಗಳ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ಓದುಗರ ಪತ್ರಗಳಲ್ಲಿ, ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲವೂ ಮಲಾರ್ಡೈಟ್ ಎಂಬ ಒಂದೇ ಖನಿಜದ ಸುತ್ತ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದು ಬೇಕೋ ಅದನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲ ಪರಿಚಯ

ಮಲಾರ್ಡೈಟ್ ಅಂದ್ರೆ ಏನು? ಒಂದೆರಡು ಮಾತಲ್ಲಿ ಹೇಳಿ ಸಾಕು.

ಒಂದು ಮ್ಯಾಂಗನೀಸ್, ಒಂದು ಸಲ್ಫೇಟ್, ಏಳು ನೀರು. ಈ ಲೆಕ್ಕದಲ್ಲಿ ಕೂಡಿಕೊಂಡ ನೈಸರ್ಗಿಕ ಲವಣವೇ ಮಲಾರ್ಡೈಟ್. ತಿಳಿ ಗುಲಾಬಿ ಬಣ್ಣ, ಮೆತ್ತಗೆ, ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಇದರ ತೂಕದಲ್ಲಿ ಸುಮಾರು 45.5 ಶೇಕಡಾ ಬರೀ ನೀರು. ಮ್ಯಾಂಗನೀಸ್ 20 ಶೇಕಡಾಕ್ಕಿಂತ ಒಂಚೂರು ಕಮ್ಮಿ. ಹಾಗಾಗಿ ಇದರ ಕತೆಯಲ್ಲಿ ಮ್ಯಾಂಗನೀಸ್‌ಗಿಂತ ನೀರಿನ ಮಾತೇ ಜಾಸ್ತಿ ಬರುತ್ತದೆ.

ಈ ಹೆಸರು ಯಾರದ್ದು? ಮೊದಲು ಎಲ್ಲಿ ಸಿಕ್ಕಿತು?

ಹೆಸರು ಎರ್ನೆಸ್ಟ್ ಮಲಾರ್ (1833–1894) ಅವರದ್ದು. ಪ್ಯಾರಿಸ್ಸಿನ ಗಣಿ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರೆಂಚ್ ಹರಳು ತಜ್ಞ. ರಸಾಯನ ತಜ್ಞ ಲ ಶಾಟೆಲಿಯೆ ಜೊತೆ ಸೇರಿ ಗಣಿಗಳಲ್ಲಿ ಅನಿಲಕ್ಕೆ ಬೆಂಕಿ ಹೊತ್ತಿ ಹರಡುವುದು ಹೇಗೆ ಎಂದು ಅಧ್ಯಯನ ಮಾಡಿದವರೂ ಇವರೇ.

ಖನಿಜವನ್ನು 1879ರಲ್ಲಿ ವಿವರಿಸಿದವರು ಅಡಾಲ್ಫ್ ಕಾರ್ನೋ. ಯುರೇನಿಯಂ ಅದಿರಾದ ಕಾರ್ನೋಟೈಟ್‌ಗೆ ಹೆಸರು ಬಂದಿದ್ದು ಇವರಿಂದ. ಮಾದರಿ ಬಂದದ್ದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕೌಂಟಿಯಿಂದ. ಅಲ್ಲಿನ ಬಟರ್‌ಫೀಲ್ಡ್ ಕಣಿವೆಯ ಲಕ್ಕಿ ಬಾಯ್ ಗಣಿ ಇದರ ಮೂಲ ನೆಲೆ. ಈ ಗಣಿಯ ಹೆಸರು ನೆನಪಿಟ್ಟುಕೊಳ್ಳಿ, ವರ್ಗೀಕರಣದ ಭಾಗದಲ್ಲಿ ಮತ್ತೆ ಬರುತ್ತದೆ.

ನೋಡೋಕೆ ಹೇಗಿರುತ್ತೆ? ದೊಡ್ಡ ಹರಳು ಸಿಗುತ್ತಾ?

ಶೋಕೇಸಿನಲ್ಲಿಟ್ಟು ತೋರಿಸುವಂಥ ದೊಡ್ಡ ಹರಳು ನಿಸರ್ಗದಲ್ಲಿ ನಿರೀಕ್ಷಿಸಬೇಡಿ. ಇದು ಸಾಮಾನ್ಯವಾಗಿ ಬಂಡೆಗೆ ಅಂಟಿದ ತೆಳು ಪದರವಾಗಿ, ಇಲ್ಲವೇ ನಾರು ನಾರಾದ ಗಂಟಾಗಿ ಸಿಗುತ್ತದೆ. ದೂರದಿಂದ ನೋಡಿದರೆ ಹಳೇ ಗೋಡೆಗೆ ಉಪ್ಪು ಒಡೆದ ಹಾಗೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಬೇರೆ ಲೋಕ. ಕೂದಲಿಗಿಂತ ಸಣ್ಣ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ. ತಾಜಾ ಎಳೆಗಳು ಗಾಜಿನಂತೆ ಹೊಳೆಯುತ್ತವೆ, ಅವುಗಳಲ್ಲಿ ಬೆಳಕು ಹಾಯುತ್ತದೆ. ಒಣಗಲು ಶುರುವಾದ ಎಳೆಯ ತುದಿ ಮಾತ್ರ ಸುಣ್ಣದ ಬಿಳುಪಿಗೆ ತಿರುಗಿರುತ್ತದೆ. ಒಂದೇ ಎಳೆಯಲ್ಲಿ ಗುಲಾಬಿ ಬುಡ, ಬಿಳಿ ತುದಿ ಕಂಡರೆ ಅದು ನಿಮ್ಮ ಕಣ್ಣೆದುರೇ ಬೇರೆ ಖನಿಜವಾಗುತ್ತಿದೆ ಎಂದರ್ಥ.

ಮ್ಯಾಂಗನೀಸ್ ಅದಿರು ಅಂದ್ರೆ ಕಪ್ಪು ಅಲ್ವಾ? ಇದು ಯಾಕೆ ಇಷ್ಟು ತಿಳಿ ಬಣ್ಣ?

ಕಪ್ಪಗಿರುವ ಪೈರೊಲ್ಯೂಸೈಟ್‌ನಂಥ ಅದಿರುಗಳಲ್ಲಿ ಮ್ಯಾಂಗನೀಸ್ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿರುತ್ತದೆ. ಮಲಾರ್ಡೈಟ್‌ನಲ್ಲಿ ಕಳೆದುಕೊಂಡಿರುವುದು ಎರಡೇ. ಆ ಸ್ಥಿತಿಯಲ್ಲಿ ಮ್ಯಾಂಗನೀಸ್‌ನ ಹೊರಗಿನ ಡಿ ಕವಚದ ಐದು ಕೋಣೆಗಳಲ್ಲಿ ಐದು ಎಲೆಕ್ಟ್ರಾನ್‌ಗಳು ಒಂದೊಂದರಂತೆ ಕೂತಿರುತ್ತವೆ. ಎಲ್ಲದರ ಸ್ಪಿನ್ (ಎಲೆಕ್ಟ್ರಾನಿನ ಒಂದು ಬಗೆಯ ತಿರುಗುವ ಗುಣ) ಒಂದೇ ದಿಕ್ಕಿಗೆ. ಬೆಳಕನ್ನು ಹೀರಿ ಒಂದು ಎಲೆಕ್ಟ್ರಾನ್ ಜಾಗ ಬದಲಿಸಬೇಕಾದರೆ ತನ್ನ ಸ್ಪಿನ್ನನ್ನೂ ತಿರುಗಿಸಬೇಕು. ಅದಕ್ಕೆ ಕ್ವಾಂಟಂ ನಿಯಮ ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಹೀರಿಕೆ ತೀರಾ ಕಮ್ಮಿ, ಬಣ್ಣವೂ ತೀರಾ ತಿಳಿ. ಇದೇ ರಚನೆಯಲ್ಲಿ ಕಬ್ಬಿಣ ಕೂತರೆ ಹಸಿರು, ತಾಮ್ರ ಕೂತರೆ ನೀಲಿ, ಎರಡೂ ಎದ್ದು ಕಾಣುತ್ತವೆ. ಮ್ಯಾಂಗನೀಸ್ ಮಾತ್ರ ನಾಚಿದ ಗುಲಾಬಿ. ತೆಳು ಪದರವಾದರೆ ಬಣ್ಣವೇ ಇಲ್ಲದಂತೆ ಕಾಣುವುದೂ ಉಂಟು.

ಮ್ಯಾಂಗನೀಸ್ ಎಲ್ಲಾ ಕಡೆ ಇದೆ, ಗಂಧಕವೂ ಇದೆ. ಮತ್ತೆ ಇದು ಅಪರೂಪ ಯಾಕೆ?

ಪದಾರ್ಥಗಳಿಗೆ ಬರವಿಲ್ಲ, ನಿಜ. ಬರ ಇರುವುದು ಹವೆಗೆ. ಮ್ಯಾಂಗನೀಸ್ ಖನಿಜದ ಪಕ್ಕದಲ್ಲೇ ಗಂಧಕ ಇರುವ ಪೈರೈಟ್ ಖನಿಜ ಇರಬೇಕು. ಜಾಗ ತಂಪಾಗಿರಬೇಕು. ಗಾಳಿಯಲ್ಲಿ ತೇವ ಇರಬೇಕು, ಆದರೆ ನೀರು ಹರಿದು ಬಂದು ತೊಳೆದುಕೊಂಡು ಹೋಗಬಾರದು. ಈ ಎಲ್ಲ ಷರತ್ತು ಒಟ್ಟಿಗೆ ಕೂಡಿ ಬರುವ ಜಾಗ ಕಮ್ಮಿ. ಕೂಡಿ ಬಂದರೂ ಹೆಚ್ಚು ದಿನ ಹಾಗೇ ಇರುವುದಿಲ್ಲ. ಸೆಕೆ ಹೆಚ್ಚಾದರೆ ನೀರು ಬಿಟ್ಟು ಬೇರೆ ಖನಿಜವಾಗುತ್ತದೆ. ಮಳೆ ನೀರು ಒಳಗೆ ಬಂದರೆ ಕರಗಿ ಮಾಯ. ಹುಟ್ಟುವುದೇ ಕಮ್ಮಿ ಎನ್ನುವುದಕ್ಕಿಂತ ಉಳಿಯುವುದು ಕಮ್ಮಿ ಎನ್ನುವುದು ಸರಿಯಾದ ಮಾತು.

ಅಂಗಡಿಯಲ್ಲಿ ಸಿಗೋ ಮ್ಯಾಂಗನೀಸ್ ಸಲ್ಫೇಟ್ ಪುಡಿನೂ ಇದೇನಾ?

ಅಲ್ಲ, ಎರಡು ಕಾರಣಕ್ಕೆ. ಒಂದು, ಅದು ಕಾರ್ಖಾನೆಯಲ್ಲಿ ತಯಾರಾದದ್ದು. ಖನಿಜ ಎನ್ನಬೇಕಾದರೆ ಭೂಮಿಯ ಪ್ರಕ್ರಿಯೆಯಿಂದ ಹುಟ್ಟಿರಬೇಕು. ಎರಡು, ಮಾರಾಟಕ್ಕಿರುವ ಪುಡಿಯಲ್ಲಿ ಸಾಮಾನ್ಯವಾಗಿ ಒಂದೇ ನೀರಿನ ಅಣು ಇರುತ್ತದೆ. ಗೊಬ್ಬರದಲ್ಲಿ ಸೂಕ್ಷ್ಮ ಪೋಷಕಾಂಶವಾಗಿ, ಪಶು ಆಹಾರದಲ್ಲಿ, ಲಿಥಿಯಂ ಬ್ಯಾಟರಿಯ ಕ್ಯಾಥೋಡ್ ತಯಾರಿಯಲ್ಲಿ ಬಳಕೆಯಾಗುವುದು ಆ ಪುಡಿ. ಮಲಾರ್ಡೈಟ್‌ಗೆ ಮಾರುಕಟ್ಟೆಯಲ್ಲಿ ಯಾವ ಬಳಕೆಯೂ ಇಲ್ಲ.

## ಹುಟ್ಟು ಮತ್ತು ಗುಣ

ಗಣಿಯೊಳಗೆ ಇದು ಹುಟ್ಟೋದು ಹೇಗೆ?

ಶುರುವಾಗುವುದು ಪೈರೈಟ್‌ನಿಂದ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ. ಗಾಳಿ, ನೀರು ತಾಗಿದರೆ ಅದು ನಿಧಾನಕ್ಕೆ ಉತ್ಕರ್ಷಣೆಗೊಂಡು ಸಲ್ಫ್ಯೂರಿಕ್ ಆಸಿಡ್ ಹುಟ್ಟಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಬಹಳ ಚುರುಕುಗೊಳಿಸುತ್ತವೆ. ಆಸಿಡ್ ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತಾ ಹೋಗಿ ರೋಡೋಕ್ರೋಸೈಟ್‌ಗೆ ತಾಗುತ್ತದೆ. ರೋಡೋಕ್ರೋಸೈಟ್ ಮ್ಯಾಂಗನೀಸ್ ಕಾರ್ಬೊನೇಟ್. ಆಸಿಡ್ ಬಿದ್ದರೆ ನೊರೆ ಬಂದು ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ, ಮ್ಯಾಂಗನೀಸ್ ಸಲ್ಫೇಟ್ ನೀರಿನಲ್ಲಿ ಉಳಿಯುತ್ತದೆ. ಮ್ಯಾಂಗನೀಸ್ ಸಲ್ಫೈಡ್ ಆದ ಅಲಬಾಂಡೈಟ್ ಇದ್ದರೆ ಅದರಿಂದಲೂ ಮ್ಯಾಂಗನೀಸ್ ಸಿಗುತ್ತದೆ.

ಈ ನೀರು ಸುರಂಗದ ಗೋಡೆಗೆ ಬಂದು ಜಿನುಗುತ್ತದೆ. ಅಲ್ಲಿ ಗಾಳಿಯಾಡಿ ನೀರು ಆವಿಯಾದ ಹಾಗೆ ಉಪ್ಪು ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಜಾಗ ಎಷ್ಟು ತಂಪು, ಎಷ್ಟು ತೇವ ಎಂಬುದರ ಮೇಲೆ ಅದು ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎನ್ನುವುದು ತೀರ್ಮಾನವಾಗುತ್ತದೆ. ಚೆನ್ನಾಗಿ ತಂಪಿದ್ದರೆ ಏಳೂ ನೀರು ಸೇರಿ ಮಲಾರ್ಡೈಟ್.

ನೀರಿನಲ್ಲಿ ಕಬ್ಬಿಣವೂ ಕರಗಿರುತ್ತದಲ್ಲ, ಅದೆಲ್ಲಿ ಹೋಯಿತು ಎಂದು ಕೇಳಬಹುದು. ಕಬ್ಬಿಣ ಗಾಳಿಯಲ್ಲಿ ಬೇಗ ಉತ್ಕರ್ಷಣೆಗೊಂಡು ಕಂದು ಕೆಸರಾಗಿ ತಳ ಸೇರುತ್ತದೆ. ಮ್ಯಾಂಗನೀಸ್ ಆಮ್ಲೀಯ ನೀರಿನಲ್ಲಿ ಅಷ್ಟು ಬೇಗ ಉತ್ಕರ್ಷಣೆಗೊಳ್ಳುವುದಿಲ್ಲ, ಕರಗಿಕೊಂಡೇ ಮುಂದೆ ಹೋಗುತ್ತದೆ. ಎರಡೂ ಬೇರೆಯಾಗುವುದು ಹೀಗೆ.

ಮನುಷ್ಯ ಸುರಂಗ ತೋಡದಿದ್ರೆ ಇದು ಹುಟ್ತಾನೇ ಇರಲಿಲ್ಲ. ಹಾಗಾದ್ರೆ ಇದನ್ನ ಖನಿಜ ಅನ್ನೋದು ಸರೀನಾ?

ಒಳ್ಳೇ ಪ್ರಶ್ನೆ. ಸುರಂಗ ತೋಡಿದ್ದು ಮನುಷ್ಯ, ಆದರೆ ಕಲ್ಲು ನಿಸರ್ಗದ್ದು, ನೀರು ನಿಸರ್ಗದ್ದು, ರಾಸಾಯನಿಕ ಕ್ರಿಯೆಯನ್ನೂ ಯಾರೂ ನಿಂತು ನಡೆಸಿಲ್ಲ. ಅದಕ್ಕೇ ಗಣಿ ಗೋಡೆಯ ಮೇಲೆ ತಾನಾಗಿ ಮೂಡಿದ ಲವಣಗಳನ್ನು ಖನಿಜ ಎಂದೇ ಒಪ್ಪುತ್ತಾರೆ. ಕಾರ್ಖಾನೆಯ ಕಿಟ್ಟದ ಮೇಲೆ ಹುಟ್ಟಿದ್ದಕ್ಕೆ ಈಗ ಆ ಮಾನ್ಯತೆ ಇಲ್ಲ, ಯಾಕೆಂದರೆ ಅಲ್ಲಿ ಮೂಲ ವಸ್ತುವೇ ಮನುಷ್ಯ ಮಾಡಿದ್ದು. 2017ರಲ್ಲಿ ಪ್ರಕಟವಾದ ಒಂದು ಪ್ರಬಂಧ, ಮುಖ್ಯವಾಗಿ ಅಥವಾ ಪೂರ್ತಿಯಾಗಿ ಮನುಷ್ಯನ ಚಟುವಟಿಕೆಯಿಂದಲೇ ಹುಟ್ಟುವ 208 ಮಾನ್ಯ ಖನಿಜಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಗಣಿಗೆ ಸಂಬಂಧಿಸಿದವು ಬಹಳ. ನನ್ನ ಮಟ್ಟಿಗೆ ಈ ಗೆರೆ ಎಳೆದಿರುವ ಜಾಗ ಸರಿಯಾಗಿಯೇ ಇದೆ.

ಗಟ್ಟಿತನ, ಸಾಂದ್ರತೆ ಇತ್ಯಾದಿ ಅಂಕಿ ಕೊಡಿ, ವಿವರಣೆ ಬೇಡ.

ಮೋಸ್ ಗಟ್ಟಿತನ ಸುಮಾರು 2, ಅಂದರೆ ಉಗುರಿನಿಂದ ಗೀರಬಹುದು. ಸಾಂದ್ರತೆ ಘನ ಸೆಂಟಿಮೀಟರಿಗೆ 1.85 ಗ್ರಾಂ. ಹೊಳಪು ಗಾಜಿನದು. ಗೀರಿದಾಗ ಬೀಳುವ ಪುಡಿ ಬಿಳಿ. ಹರಳಿನ ವ್ಯವಸ್ಥೆ ಮಾನೋಕ್ಲಿನಿಕ್, ಸ್ಪೇಸ್ ಗ್ರೂಪ್ ಪಿ 21/ಸಿ. ಒಂದು ಅಣು ಗುಂಪಿನ ತೂಕ ಸುಮಾರು 277.

ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟಿದ್ದೆ. ಆದ್ರೂ ಒಳಗೆಲ್ಲಾ ಒದ್ದೆಯಾಗಿ ಹರಳು ಬಿಳಿಚಿಕೊಂಡಿದೆ. ನೀರು ಎಲ್ಲಿಂದ ಬಂತು?

ಹೊರಗಿನಿಂದ ಬಂದಿಲ್ಲ. ಹರಳೇ ಬಿಟ್ಟ ನೀರು ಅದು. ಏಳು ನೀರಿನ ರೂಪ ಗಟ್ಟಿಯಾಗಿ ನಿಲ್ಲುವುದು ಸುಮಾರು 9 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದಕ್ಕಿಂತ ಬಿಸಿಯಾದರೆ ಎರಡು ನೀರು ಹೊರಬಿದ್ದು ಐದು ನೀರಿನ ಲವಣ ಉಳಿಯುತ್ತದೆ. ತೆರೆದ ಜಾಗದಲ್ಲಿದ್ದರೆ ಆ ನೀರು ಹಾರಿ ಹೋಗಿ ಒಣ ಪುಡಿ ಸಿಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಹೋಗಲು ದಾರಿ ಇಲ್ಲ. ಹಾಗಾಗಿ ಅದೇ ನೀರಿನಲ್ಲಿ ಒಂದಿಷ್ಟು ಲವಣ ಕರಗಿ, ಡಬ್ಬಿಯ ಒಳಗೆ ಗಟ್ಟಿ ದ್ರಾವಣ ಮತ್ತು ಹಿಟ್ಟಿನಂಥ ಉಂಡೆ ಒಟ್ಟಿಗೆ ಇರುತ್ತವೆ. ಮುಚ್ಚಳ ಭದ್ರವಾಗಿದ್ದರೆ ಸಾಕು ಎಂದು ಸುಮಾರು ಜನ ಅಂದುಕೊಂಡಿರುತ್ತಾರೆ. ಮಲಾರ್ಡೈಟ್‌ಗೆ ಮುಚ್ಚಳ ಅರ್ಧ ರಕ್ಷಣೆ ಮಾತ್ರ. ಉಳಿದರ್ಧ ತಂಪು.

ಯಾವ ಬಿಸಿಗೆ ಎಷ್ಟು ನೀರು ಇರುತ್ತೆ ಅಂತ ಲೆಕ್ಕ ಇದ್ಯಾ?

ಲವಣ ತನ್ನದೇ ದ್ರಾವಣದ ಜೊತೆ ಇರುವಾಗಿನ ಲೆಕ್ಕ ಹೀಗಿದೆ. ಸುಮಾರು 9 ಡಿಗ್ರಿಯವರೆಗೆ ಏಳು ನೀರು. ಅಲ್ಲಿಂದ ಸುಮಾರು 27 ಡಿಗ್ರಿಯವರೆಗೆ ಐದು. ಅದಕ್ಕೂ ಮೇಲೆ ಹೋದರೆ ಒಂದು. ಮಧ್ಯದ ನಾಲ್ಕು ನೀರಿನ ರೂಪ ಈ ಪಟ್ಟಿಯಲ್ಲಿ ಸ್ಥಿರ ಸ್ಥಾನ ಪಡೆದಿಲ್ಲ. ಆದರೂ ಅದು ಹುಟ್ಟುತ್ತದೆ, ಹುಟ್ಟಿದ ಮೇಲೆ ಬೇಗ ಹೋಗುವುದೂ ಇಲ್ಲ. ತೆರೆದ ಗಾಳಿಯಲ್ಲಿ ತೇವಾಂಶವೂ ಲೆಕ್ಕಕ್ಕೆ ಬರುವುದರಿಂದ ಈ ಗಡಿಗಳು ಆಚೀಚೆ ಸರಿಯುತ್ತವೆ.

ಇದರ ಜೊತೆಗೇ ಬರುವ ಇನ್ನೊಂದು ಮಜಾ ಇದೆ. ಹೆಚ್ಚಿನ ಉಪ್ಪುಗಳು ನೀರು ಬಿಸಿಯಾದಷ್ಟೂ ಜಾಸ್ತಿ ಕರಗುತ್ತವೆ, ಅಲ್ವಾ? ಮ್ಯಾಂಗನೀಸ್ ಸಲ್ಫೇಟ್ ಒಂದು ಹಂತದವರೆಗೆ ಹಾಗೇ ಮಾಡಿ ಆಮೇಲೆ ಉಲ್ಟಾ ಹೊಡೆಯುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 63 ಗ್ರಾಂ ಕರಗಿದರೆ, 100 ಡಿಗ್ರಿಯಲ್ಲಿ ಕರಗುವುದು ಸುಮಾರು 35 ಗ್ರಾಂ. ಒಂದು ನೀರಿನ ರೂಪ ತಳ ಸೇರಲು ಶುರುವಾದ ಮೇಲೆ ಬಿಸಿ ಏರಿದಷ್ಟೂ ಕರಗುವಿಕೆ ಇಳಿಯುತ್ತದೆ. ಅದಕ್ಕೇ ಗಟ್ಟಿ ದ್ರಾವಣವನ್ನು ಕುದಿಸಿದರೆ ಪಾತ್ರೆಯ ತಳದಲ್ಲಿ ಪುಡಿ ಕೂರುತ್ತದೆ.

ಒಣಗಿ ಪುಡಿಯಾಗಿದ್ದಕ್ಕೆ ನೀರು ಚಿಮುಕಿಸಿದ್ರೆ ಮತ್ತೆ ಮಲಾರ್ಡೈಟ್ ಆಗುತ್ತಾ?

ರಾಸಾಯನಿಕವಾಗಿ ಆಗುತ್ತದೆ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, 9 ಡಿಗ್ರಿಗಿಂತ ಕೆಳಗೆ ಇಟ್ಟು ನಿಧಾನಕ್ಕೆ ಹರಳುಗಟ್ಟಿಸಿದರೆ ಏಳು ನೀರಿನ ಲವಣ ಬರುತ್ತದೆ. ಆದರೆ ಆಗ ಅದು ನೀವು ಮಾಡಿದ ಹರಳು, ಗಣಿಯಲ್ಲಿ ಸಿಕ್ಕಿದ ಖನಿಜ ಅಲ್ಲ. ಮೂಲದ ನಾರಿನ ಆಕಾರವೂ ಹೋಗಿರುತ್ತದೆ. ಸಂಗ್ರಹದ ಮಾದರಿಗೆ ಯಾವತ್ತೂ ಹೀಗೆ ಮಾಡಬೇಡಿ. ಒಣಗಿದ್ದನ್ನು ಒಣಗಿದ ಹಾಗೇ ಬಿಟ್ಟು, ಏನಾಗಿದೆ ಎಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು.

ಹಾಗಾದ್ರೆ ಇಟ್ಟುಕೊಳ್ಳೋದು ಹೇಗೆ?

ಸಿಕ್ಕ ಜಾಗದಲ್ಲೇ ಚಿಕ್ಕ ಗಾಜಿನ ಸೀಸೆಗೆ ಹಾಕಿ. ಸೀಸೆ ದೊಡ್ಡದಿದ್ದಷ್ಟೂ ಒಳಗಿನ ಗಾಳಿ ಜಾಸ್ತಿ ನೀರು ಎಳೆಯುತ್ತದೆ. ಅದಕ್ಕೆ ಮಾದರಿಗೆ ತಕ್ಕ ಅಳತೆಯದ್ದೇ ಇರಲಿ. ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ 4 ಡಿಗ್ರಿ ಆಸುಪಾಸಿನಲ್ಲಿಡಿ, ಆಹಾರ ಇಡುವ ಫ್ರಿಜ್ ಬೇಡ. ನೀರಿನಲ್ಲಿ ತೊಳೆಯುವ ಮಾತೇ ಇಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುವುದು ಬಹಳ ಜನರ ಅಭ್ಯಾಸ. ಈ ಖನಿಜದ ಮಟ್ಟಿಗೆ ಅದು ಹರಳನ್ನು ಕೊಲ್ಲಲು ಇರುವ ಅತಿ ಸುಲಭ ದಾರಿ.

ಚೀಟಿಯಲ್ಲಿ ಊರು, ಗಣಿ, ತಾರೀಕಿನ ಜೊತೆ ಆ ಹೊತ್ತಿನ ಉಷ್ಣತೆ ಮತ್ತು ತೇವಾಂಶವನ್ನೂ ಬರೆಯಿರಿ. ಬೇರೆ ಖನಿಜಕ್ಕೆ ಇದು ಅತಿಯಾಯಿತು ಅನ್ನಿಸಬಹುದು. ಇಲ್ಲಿ ಖನಿಜದ ಹೆಸರು ನಿಂತಿರುವುದೇ ಆ ಎರಡು ಅಂಕಿಗಳ ಮೇಲೆ.

ಕೈಯಲ್ಲಿ ಮುಟ್ಟಬಹುದಾ? ನಾಲಿಗೆಗೆ ತಾಗಿಸಿ ಗುರುತು ಹಿಡೀತಾರೆ ಅಂತ ಕೇಳಿದ್ದೆ.

ಮುಟ್ಟಿದರೆ ತಕ್ಷಣ ಏನೂ ಆಗುವುದಿಲ್ಲ. ಆಮೇಲೆ ಕೈ ತೊಳೆದುಕೊಳ್ಳಿ. ಕೈಯ ಬಿಸಿಗೆ ಹರಳಿಗೇ ಹಾನಿ, ಅದಕ್ಕೆ ಚಿಮಟ ಬಳಸಿ. ರುಚಿ ನೋಡುವ ಹಳೇ ಪದ್ಧತಿ ಬೇಡವೇ ಬೇಡ. ಗಣಿ ಗೋಡೆಯ ಲವಣಗಳಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂ ಬೆರೆತಿರಬಹುದು, ಕಣ್ಣಿಗೆ ಗೊತ್ತಾಗುವುದಿಲ್ಲ. ಪುಡಿಯನ್ನು ಉಸಿರಾಡುವುದು ಅದಕ್ಕಿಂತ ದೊಡ್ಡ ಅಪಾಯ. ಮ್ಯಾಂಗನೀಸ್ ಧೂಳನ್ನು ದೀರ್ಘಕಾಲ ಉಸಿರಾಡಿದವರಿಗೆ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ನರದ ತೊಂದರೆ ಬರುತ್ತದೆ. ಕೂಪರ್ ಎಂಬ ವೈದ್ಯರು 1837ರಲ್ಲೇ ಸ್ಕಾಟ್ಲೆಂಡಿನಲ್ಲಿ ಮ್ಯಾಂಗನೀಸ್ ಅದಿರು ಅರೆಯುವ ಕೆಲಸಗಾರರಲ್ಲಿ ಇದನ್ನು ಗುರುತಿಸಿದ್ದರು.

## ವರ್ಗೀಕರಣ

ಪಟ್ಟಿಗಳಲ್ಲಿ 7.ಸಿಬಿ.35 ಅಂತ ಬರೆದಿರುತ್ತೆ. ಅದನ್ನ ಓದೋದು ಹೇಗೆ?

ಇದು ಖನಿಜಗಳನ್ನು ವರ್ಗ ಮಾಡುವ ನಿಕೆಲ್–ಸ್ಟ್ರುಂಟ್ಸ್ ಪದ್ಧತಿಯ ವಿಳಾಸ. 7 ಅಂದರೆ ಸಲ್ಫೇಟ್‌ಗಳ ವರ್ಗ. ಸಿ ಅಂದರೆ ಸಲ್ಫೇಟ್ ಬಿಟ್ಟು ಬೇರೆ ಋಣ ಅಯಾನು ಇಲ್ಲ, ಆದರೆ ನೀರು ಇದೆ. ಬಿ ಅಂದರೆ ಲೋಹದ ಅಯಾನುಗಳು ಮಧ್ಯಮ ಗಾತ್ರದವು ಮಾತ್ರ. ಕೊನೆಯ 35 ಮೆಲಾಂಟರೈಟ್ ಗುಂಪಿನ ಸಂಖ್ಯೆ. ಡಾನಾ ಪದ್ಧತಿಯಲ್ಲಿ ಇದೇ ಗುಂಪು 29.6.10ರಲ್ಲಿ ಬರುತ್ತದೆ. ಎರಡು ಪದ್ಧತಿಗೂ ಜಗಳವೇನಿಲ್ಲ, ಬರೆಯುವ ರೀತಿ ಬೇರೆ ಅಷ್ಟೆ.

ಎಪ್ಸಮೈಟ್‌ನಲ್ಲೂ ಏಳು ನೀರು. ಮಲಾರ್ಡೈಟ್‌ನ ಆ ಗುಂಪಿಗೆ ಯಾಕೆ ಸೇರಿಸಿಲ್ಲ?

ನೀರಿನ ಸಂಖ್ಯೆ ಒಂದೇ, ಜೋಡಣೆ ಬೇರೆ. ಎಪ್ಸಮೈಟ್ ಗುಂಪಿನ ಹರಳುಗಳು ಆರ್ಥೊರಾಂಬಿಕ್, ಅಂದರೆ ಮೂರು ಅಕ್ಷಗಳೂ ಪರಸ್ಪರ ಲಂಬ. ಮೆಲಾಂಟರೈಟ್ ಗುಂಪಿನವು ಮಾನೋಕ್ಲಿನಿಕ್, ಒಂದು ಅಕ್ಷ ವಾಲಿರುತ್ತದೆ. ಎಪ್ಸಮೈಟ್ ಗುಂಪಿನಲ್ಲಿ ಮೆಗ್ನೀಸಿಯಂನ ಎಪ್ಸಮೈಟ್, ಸತುವಿನ ಗೋಸ್ಲರೈಟ್, ನಿಕಲ್‌ನ ಮೊರೆನೊಸೈಟ್ ಇವೆ. ಮೆಲಾಂಟರೈಟ್ ಗುಂಪಿನಲ್ಲಿ ಕಬ್ಬಿಣದ ಮೆಲಾಂಟರೈಟ್, ಕೋಬಾಲ್ಟ್‌ನ ಬೀಬರೈಟ್, ತಾಮ್ರದ ಬೂಥೈಟ್, ಮ್ಯಾಂಗನೀಸ್‌ನ ಮಲಾರ್ಡೈಟ್ ಇವೆ. ಮೆಗ್ನೀಸಿಯಂ ಮತ್ತು ತಾಮ್ರ ಎರಡೂ ಸೇರಿದ ಆಲ್ಪರ್ಸೈಟ್ ಆಮೇಲೆ ಸೇರಿಕೊಂಡಿತು.

ಗಾತ್ರ ನೋಡಿದರೆ ಒಂದು ಒಲವು ಕಾಣುತ್ತದೆ. ಚಿಕ್ಕ ಅಯಾನುಗಳು ಎಪ್ಸಮೈಟ್ ಕಡೆಗೆ, ದೊಡ್ಡವು ಮೆಲಾಂಟರೈಟ್ ಕಡೆಗೆ. ಮ್ಯಾಂಗನೀಸ್ ಇವುಗಳಲ್ಲೆಲ್ಲ ದೊಡ್ಡದು, ತ್ರಿಜ್ಯ 0.83 ಆಂಗ್‌ಸ್ಟ್ರಮ್. ಮೆಗ್ನೀಸಿಯಂ 0.72. ತಾಮ್ರ ಈ ಲೆಕ್ಕ ಮುರಿಯುತ್ತದೆ. ಅದು ಚಿಕ್ಕದೇ, ಆದರೆ ತನ್ನ ಸುತ್ತಲಿನ ಆಕೃತಿಯನ್ನು ಎಳೆದು ಸೊಟ್ಟ ಮಾಡುವ ಗುಣ ಅದಕ್ಕಿದೆ.

ನೀರು ಒಂದೆರಡು ಕಮ್ಮಿಯಾದ ಮಾತ್ರಕ್ಕೆ ಹೆಸರೇ ಬದಲಾಗಬೇಕಾ? ಸುಮ್ನೆ ಗೊಂದಲ ಅಲ್ವಾ?

ನೀರು ಇಲ್ಲಿ ಅಂಟಿಕೊಂಡ ಒದ್ದೆ ಅಲ್ಲ. ಹರಳಿನ ಕಟ್ಟಡದ ಭಾಗ. ಅದು ಹೋದರೆ ಅಣುಗಳು ಹೊಸದಾಗಿ ಜೋಡಿಸಿಕೊಳ್ಳಲೇಬೇಕು. ಹೊಸ ಜೋಡಣೆ ಅಂದರೆ ಹೊಸ ಖನಿಜ. ಮ್ಯಾಂಗನೀಸ್ ಸಲ್ಫೇಟ್‌ಗೆ ಹೀಗೆ ಐದು ಹೆಸರುಗಳಿವೆ.

ಒಂದು ನೀರಿನದು ಸ್ಮಿಕೈಟ್, ಕೀಸರೈಟ್ ಗುಂಪಿನದು. ಇಂದಿನ ರುಮೇನಿಯಾದ ಬಾಯಾ ಸ್ಪ್ರಿಯೆಯಲ್ಲಿ ಸಿಕ್ಕಿ 1877ರಲ್ಲಿ ವಿವರಿಸಲ್ಪಟ್ಟಿತು. ನಾಲ್ಕು ನೀರಿನದು ಐಲ್ಸೈಟ್, ರೋಜನೈಟ್ ಗುಂಪು. ಅಮೆರಿಕದ ಕೊಲೊರಾಡೊದ ಹಾಲ್ ಕಣಿವೆಯಿಂದ ಬಂತು, ಲೋಹ ತಜ್ಞ ಮಾಲ್ವರ್ನ್ ಐಲ್ಸ್ ಹೆಸರು ಹೊತ್ತಿದೆ. ಐದು ನೀರಿನದು ಜೋಕೋಕುಯೈಟ್, ಮೈಲುತುತ್ತದ ಖನಿಜ ರೂಪವಾದ ಚಾಲ್ಕಂಥೈಟ್‌ನ ಗುಂಪಿನದು. ಜಪಾನಿನ ಹೊಕ್ಕೈಡೊದ ಜೋಕೋಕು ಗಣಿಯಲ್ಲಿ ಸಿಕ್ಕಿತು, 1978ರಲ್ಲಿ ವಿವರಣೆ ಬಂತು. ಆರು ನೀರಿನದು ಖ್ವಾಲೆಟಿಟ್ಸೈಟ್, ಹೆಕ್ಸಾಹೈಡ್ರೈಟ್ ಗುಂಪು. ಜೆಕ್ ದೇಶದ ಖ್ವಾಲೆಟಿಟ್ಸೆಯಲ್ಲಿ ಪೈರೈಟ್ ಮತ್ತು ಮ್ಯಾಂಗನೀಸ್ ಕಾರ್ಬೊನೇಟ್ ಒಟ್ಟಿಗೇ ಇವೆ, ಅಲ್ಲಿಂದ 1986ರಲ್ಲಿ ಇದು ಬೆಳಕಿಗೆ ಬಂತು. ಇದರಲ್ಲಿ ಮೆಗ್ನೀಸಿಯಂ ಕೂಡ ಒಂದಿಷ್ಟು ಸೇರಿರುತ್ತದೆ. ಏಳು ನೀರಿನದು ಮಲಾರ್ಡೈಟ್.

ಬರೀ ಹೆಸರಿನ ಆಟ ಅಲ್ಲ ಎನ್ನಲು ಸಾಂದ್ರತೆ ನೋಡಿ. ಮಲಾರ್ಡೈಟ್ 1.85, ಐಲ್ಸೈಟ್ ಸುಮಾರು 2.26, ಸ್ಮಿಕೈಟ್ 3.15. ಒಂದೇ ಮ್ಯಾಂಗನೀಸ್, ಒಂದೇ ಸಲ್ಫೇಟ್, ಆದರೂ ಇಷ್ಟು ಅಂತರ.

ನನ್ನ ಮಾದರಿಯಲ್ಲಿ ಕಬ್ಬಿಣವೂ ಬೆರೆತಿದೆ. ಆಗ ಏನಂತ ಕರೀಬೇಕು?

ಯಾವುದು ಜಾಸ್ತಿ ಇದೆಯೋ ಅದರ ಹೆಸರು. ಪರಮಾಣುಗಳ ಸಂಖ್ಯೆಯ ಲೆಕ್ಕದಲ್ಲಿ ಮ್ಯಾಂಗನೀಸ್ ಉಳಿದವಕ್ಕಿಂತ ಮೇಲಿದ್ದರೆ ಮಲಾರ್ಡೈಟ್. ಕಬ್ಬಿಣ ಮೇಲಿದ್ದರೆ ಮ್ಯಾಂಗನೀಸ್ ಬೆರೆತ ಮೆಲಾಂಟರೈಟ್. ತೂಕದ ಶೇಕಡಾ ನೋಡಿ ತೀರ್ಮಾನಿಸಬೇಡಿ, ಪರಮಾಣು ಲೆಕ್ಕಕ್ಕೆ ತಿರುಗಿಸಿಕೊಳ್ಳಿ. ಮ್ಯಾಂಗನೀಸ್, ಕಬ್ಬಿಣದ ಪರಮಾಣು ತೂಕ ಹತ್ತಿರ ಇರುವುದರಿಂದ ಇಲ್ಲಿ ವ್ಯತ್ಯಾಸ ಕಮ್ಮಿ. ಆದರೆ ಮೆಗ್ನೀಸಿಯಂ ಇದ್ದರೆ ತೂಕ ನಂಬಿದವರು ಮೋಸ ಹೋಗುತ್ತಾರೆ.

ಇದಕ್ಕೆ ಉದಾಹರಣೆ ಲಕ್ಕಿ ಬಾಯ್ ಗಣಿಯಲ್ಲೇ ಇದೆ. ಮಲಾರ್ಡೈಟ್ ಸಿಕ್ಕಿದ ಅದೇ ಗಣಿಯಿಂದ ಲಕೈಟ್ ಎಂಬ ಇನ್ನೊಂದು ಲವಣವನ್ನೂ ವಿವರಿಸಲಾಯಿತು. ಅದರಲ್ಲಿ ಕಬ್ಬಿಣ ಮೇಲು, ಮ್ಯಾಂಗನೀಸ್ ಬೆರಕೆ. ಇಂದಿನ ಲೆಕ್ಕದಲ್ಲಿ ಲಕೈಟ್ ಸ್ವತಂತ್ರ ಖನಿಜ ಅಲ್ಲ, ಮೆಲಾಂಟರೈಟ್‌ನ ಒಂದು ಬಗೆ ಮಾತ್ರ. ಒಂದೇ ಗಣಿಯ ಎರಡು ಲವಣ, ಒಂದರ ಹೆಸರು ಉಳಿಯಿತು, ಇನ್ನೊಂದರದ್ದು ಅಡಿಟಿಪ್ಪಣಿಗೆ ಸರಿಯಿತು.

ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಮುಂದೆ ‘ಗ್ರಾಂಡ್‌ಫಾದರ್ಡ್’ ಅಂತಿದೆ. ಅನುಮಾನ ಇದೆ ಅಂತಾನಾ?

ಅಲ್ಲ. ಹೊಸ ಖನಿಜಗಳನ್ನು ಒಪ್ಪುವ ಅಂತಾರಾಷ್ಟ್ರೀಯ ಸಮಿತಿ ಶುರುವಾಗಿದ್ದು 1959ರಲ್ಲಿ. ಅದಕ್ಕೂ ಮೊದಲೇ ಎಲ್ಲರೂ ಒಪ್ಪಿ ಬಳಸುತ್ತಿದ್ದ ಖನಿಜಗಳನ್ನು ಹಾಗೇ ಉಳಿಸಿಕೊಂಡರು. ಮಲಾರ್ಡೈಟ್, ಐಲ್ಸೈಟ್, ಸ್ಮಿಕೈಟ್ ಎಲ್ಲ ಅದೇ ಸಾಲಿನವು. ಜೋಕೋಕುಯೈಟ್ ಮತ್ತು ಖ್ವಾಲೆಟಿಟ್ಸೈಟ್ ಮಾತ್ರ ಸಮಿತಿಯ ಮುಂದೆ ಹೋಗಿ ಒಪ್ಪಿಗೆ ಪಡೆದವು.

ಮ್ಯಾಂಗನೀಸ್ ಇರೋ ಬೇರೆ ಅಪರೂಪದ ಸಲ್ಫೇಟ್‌ಗಳೂ ಇವೆಯಾ?

ಇವೆ, ಬೇಕಾದಷ್ಟು. ಅಲ್ಯೂಮಿನಿಯಂ ಜೊತೆ ಸೇರಿ 22 ನೀರು ಹೊತ್ತ ಆಪ್‌ಜೋನೈಟ್ ರೇಷ್ಮೆಯಂಥ ಎಳೆಗಳಾಗಿ ಬೆಳೆಯುತ್ತದೆ. ಪೊಟ್ಯಾಸಿಯಂ ಜೊತೆ ಸೇರಿದ ಮ್ಯಾಂಗನೊಲಾಂಗ್‌ಬೈನೈಟ್ ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯಿಂದ ಬಂದದ್ದು, ಅದರಲ್ಲಿ ನೀರೇ ಇಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಡೆಸ್ಪುಜೋಲ್ಸೈಟ್. ಮೊರಾಕ್ಕೊದ ತಾಶ್ಗಾಗಲ್ಟ್ ಗಣಿಯಿಂದ 1968ರಲ್ಲಿ ವಿವರಿಸಿದ್ದು. ಆಮೇಲೆ ದಕ್ಷಿಣ ಆಫ್ರಿಕಾದ ಕಲಹಾರಿ ಮ್ಯಾಂಗನೀಸ್ ಪ್ರದೇಶದಲ್ಲಿ ಚೆಂದದ ಹರಳುಗಳು ಸಿಕ್ಕವು. ಇದರಲ್ಲಿ ಮ್ಯಾಂಗನೀಸ್ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿದೆ, ಜೊತೆಗೆ ಕ್ಯಾಲ್ಸಿಯಂ ಇದೆ. ಬಣ್ಣ ಅಚ್ಚ ನಿಂಬೆ ಹಳದಿ. ಹೈಡ್ರಾಕ್ಸಿಲ್ ಕೂಡ ಇರುವುದರಿಂದ ಸಲ್ಫೇಟ್ ವರ್ಗದೊಳಗೇ ಬೇರೆ ವಿಭಾಗಕ್ಕೆ ಹೋಗುತ್ತದೆ. ಅದೇ ಮೊರಾಕ್ಕೊ ಗಣಿಯ ಜುರಾವ್‌ಸ್ಕೈಟ್‌ನಲ್ಲಿ ಸಲ್ಫೇಟ್ ಜೊತೆ ಕಾರ್ಬೊನೇಟ್ ಕೂಡ ಕೂತಿದೆ. ಇವೆರಡೂ ಮಲಾರ್ಡೈಟ್ ಹಾಗೆ ಗಾಳಿಗೆ ಪುಡಿಯಾಗುವ ಜಾತಿಯಲ್ಲ.

## ಒಳ ರಚನೆ ಮತ್ತು ಪರೀಕ್ಷೆ

ಏಳು ನೀರಲ್ಲಿ ಆರು ಮಾತ್ರ ಮ್ಯಾಂಗನೀಸ್‌ಗೆ ಅಂಟಿವೆ ಅಂತಾರೆ. ಏಳನೇದು ಎಲ್ಲಿರುತ್ತೆ?

ಪ್ರತಿ ಮ್ಯಾಂಗನೀಸ್ ಸುತ್ತ ಆರು ನೀರಿನ ಅಣುಗಳು ಎಂಟು ಮುಖದ ಆಕೃತಿಯ ಮೂಲೆಗಳಲ್ಲಿ ನಿಂತಿರುತ್ತವೆ. ಸಲ್ಫೇಟ್ ನಾಲ್ಕು ಮುಖದ ಆಕೃತಿಯಾಗಿ ಬೇರೆಯೇ ಇರುತ್ತದೆ. ಮ್ಯಾಂಗನೀಸ್‌ಗೂ ಸಲ್ಫೇಟ್‌ಗೂ ನೇರ ಬಂಧವೇ ಇಲ್ಲ. ಏಳನೇ ನೀರು ಇವುಗಳ ನಡುವಿನ ಖಾಲಿ ಜಾಗದಲ್ಲಿ, ಯಾವ ಲೋಹಕ್ಕೂ ಅಂಟದೆ ಕೂತಿರುತ್ತದೆ. ಇಡೀ ಕಟ್ಟಡವನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು ಮಾತ್ರ. ಅವು ದುರ್ಬಲ. ಮಲಾರ್ಡೈಟ್ ಉಗುರಿಗೆ ಸಿಗುವಷ್ಟು ಮೆತ್ತಗಿರುವುದು, ಬೇಗ ಕರಗುವುದು, ಬೇಗ ಕೆಡುವುದು ಎಲ್ಲಕ್ಕೂ ಕಾರಣ ಇದೇ.

ನೀರು ಕಮ್ಮಿಯಾದ ಹಾಗೆ ಸಲ್ಫೇಟ್ ನೇರವಾಗಿ ಮ್ಯಾಂಗನೀಸ್‌ಗೆ ಕೈ ಹಾಕಲೇಬೇಕಾಗುತ್ತದೆ. ಆರು ನೀರಿನಲ್ಲಿ ಇನ್ನೂ ಬಿಡಿ ಬಿಡಿ. ಐದಕ್ಕೆ ಇಳಿದಾಗ ಎರಡೂ ಆಕೃತಿಗಳು ಮೂಲೆ ಹಂಚಿಕೊಂಡು ಸರಪಳಿಯಾಗುತ್ತವೆ. ನಾಲ್ಕರಲ್ಲಿ ಎರಡು ಮ್ಯಾಂಗನೀಸ್, ಎರಡು ಸಲ್ಫೇಟ್ ಸೇರಿ ಪುಟ್ಟ ಉಂಗುರ. ಒಂದಕ್ಕೆ ಬಂದಾಗ ಮೂರೂ ದಿಕ್ಕಿನಲ್ಲಿ ಹೆಣೆದ ಜಾಲ. ಸ್ಮಿಕೈಟ್‌ನ ಸಾಂದ್ರತೆ ಅಷ್ಟು ಮೇಲೇರಿರುವುದು ಈ ಹೆಣಿಗೆಯಿಂದ.

ಸಾಮಾನ್ಯ ಲ್ಯಾಬಲ್ಲಿ ಮ್ಯಾಂಗನೀಸ್, ಸಲ್ಫೇಟ್ ಎರಡೂ ಇವೆ ಅಂತ ತೋರಿಸೋದು ಹೇಗೆ?

ಚೂರು ಪುಡಿಯನ್ನು ನೀರಿನಲ್ಲಿ ಕರಗಿಸಿ. ಒಂದು ಪಾಲಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಆಮೇಲೆ ಬೇರಿಯಂ ಕ್ಲೋರೈಡ್ ಹನಿ ಬಿಡಿ. ಕರಗದ ಬಿಳಿ ಕೆಸರು ಬಂದರೆ ಸಲ್ಫೇಟ್. ಇನ್ನೊಂದು ಪಾಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ. ಮಾಸಲು ಬಿಳಿ ಕೆಸರು ಬಂದು, ಗಾಳಿಗೆ ಮೇಲಿನಿಂದ ಕೆಳಕ್ಕೆ ಕಂದಾಗುತ್ತಾ ಹೋಗುತ್ತದೆ. ನೋಡಲು ಚೆನ್ನಾಗಿರುವುದು ಮೂರನೇ ಪರೀಕ್ಷೆ: ನೈಟ್ರಿಕ್ ಆಸಿಡ್ ಬೆರೆಸಿ ಚಿಟಿಕೆ ಸೋಡಿಯಂ ಬಿಸ್ಮತೇಟ್ ಹಾಕಿದರೆ ದ್ರಾವಣ ಪರ್ಮಾಂಗನೇಟ್‌ನ ನೇರಳೆಗೆ ತಿರುಗುತ್ತದೆ. ಬೇರಿಯಂ ಲವಣ ವಿಷ, ಆಸಿಡ್‌ಗಳೂ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಮಾಡಬೇಡಿ.

ಈ ಪರೀಕ್ಷೆಗಳು ಎಷ್ಟು ನೀರಿದೆ ಎಂದು ಹೇಳುವುದಿಲ್ಲ. ಐದೂ ಖನಿಜ ಒಂದೇ ಉತ್ತರ ಕೊಡುತ್ತವೆ.

ಮಲಾರ್ಡೈಟ್ ಅಂತ ಕಳಿಸಿದ್ದೆ, ಎಕ್ಸ್‌ರೇ ವರದಿ ಐಲ್ಸೈಟ್ ಅಂತ ಬಂತು. ಯಾರದ್ದು ತಪ್ಪು?

ಬಹುಶಃ ಯಾರದ್ದೂ ಅಲ್ಲ. ಕಳಿಸುವಾಗ ಮಲಾರ್ಡೈಟ್ ಆಗಿದ್ದು, ದಾರಿಯಲ್ಲೋ ಅರೆಯುವಾಗಲೋ ನೀರು ಕಳೆದುಕೊಂಡಿರಬಹುದು. ಹರಳಿನ ಒಳ ಜೋಡಣೆ ನೋಡಿ ಖನಿಜ ಗುರುತಿಸುವ ಎಕ್ಸ್‌ರೇ ಡಿಫ್ರಾಕ್ಷನ್‌ಗೆ ಮಾದರಿಯನ್ನು ನುಣ್ಣಗೆ ಅರೆಯಬೇಕು. ಅರೆದಾಗ ಬಿಸಿಯಾಗುತ್ತದೆ, ಗಾಳಿಗೆ ತೆರೆದ ಮೈ ಜಾಸ್ತಿಯಾಗುತ್ತದೆ. ಈ ಖನಿಜಕ್ಕೆ ಬೇಡದ್ದು ಇವೆರಡೇ. ಕಳಿಸುವ ಮೊದಲೇ ಲ್ಯಾಬಿನವರ ಹತ್ತಿರ ಮಾತಾಡಿ. ತಂಪಿನಲ್ಲಿ ಅರೆದು, ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸಾಧ್ಯವಾದರೆ ತಂಪು ವೇದಿಕೆಯ ಮೇಲೆ ಬೇಗ ಅಳೆಯಲು ಕೇಳಿ.

ಎಲೆಕ್ಟ್ರಾನ್ ಕಿರಣದಿಂದ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಲೆಕ್ಟ್ರಾನ್ ಮೈಕ್ರೊಪ್ರೋಬ್ ಮಾಡಿಸುತ್ತೇನೆ ಎನ್ನುವವರಿಗೆ ಒಂದು ಮಾತು. ಆ ಯಂತ್ರದ ಒಳಗೆ ನಿರ್ವಾತ. ಮಾದರಿ ಒಳಗೆ ಹೋದ ಕೂಡಲೇ ಒಣಗಲು ಶುರು. ಮ್ಯಾಂಗನೀಸ್, ಕಬ್ಬಿಣ, ಮೆಗ್ನೀಸಿಯಂ ಪ್ರಮಾಣ ತಿಳಿಯಲು ಅದು ಒಳ್ಳೆಯದೇ, ಆದರೆ ಐದರಲ್ಲಿ ಯಾವುದು ಎಂದು ಅದರಿಂದ ಹೇಳಲಾಗದು. ಸಾಕಷ್ಟು ಮಾದರಿ ಇದ್ದರೆ ಕಾಯಿಸಿ ತೂಕ ಇಳಿಯುವುದನ್ನು ಅಳೆಯಿರಿ. ಪೂರ್ತಿ ನೀರು ಹೋದಾಗ ಇಳಿಕೆ 45.5 ಶೇಕಡಾ ಇದ್ದರೆ ಮಲಾರ್ಡೈಟ್, 32 ಇದ್ದರೆ ಐಲ್ಸೈಟ್, 11ರ ಹತ್ತಿರ ಇದ್ದರೆ ಸ್ಮಿಕೈಟ್.

ರಾಮನ್ ಯಂತ್ರದಿಂದ ನೀರಿನ ಲೆಕ್ಕ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಅದೂ ಅರೆಯದೆ, ಸೀಸೆಯ ಗಾಜಿನ ಮೂಲಕವೇ. ಮಾದರಿಗೆ ಲೇಸರ್ ಬೆಳಕು ಬಿಟ್ಟು ಅಣುಗಳ ಕಂಪನ ಅಳೆಯುವ ಯಂತ್ರ ಅದು. ಸಲ್ಫೇಟ್‌ನ ನಾಲ್ಕೂ ಆಕ್ಸಿಜನ್ ಒಟ್ಟಿಗೆ ಒಳಗೆ ಹೊರಗೆ ಮಿಡಿಯುವ ಕಂಪನ ರಾಮನ್‌ನಲ್ಲಿ ಎತ್ತರದ ಶಿಖರವಾಗಿ ಕಾಣುತ್ತದೆ. ನೀರು ಜಾಸ್ತಿಯಾದ ಹಾಗೆ ಆ ಶಿಖರ ಕೆಳಗಿನ ಸಂಖ್ಯೆಯ ಕಡೆಗೆ ಸರಿಯುತ್ತದೆ. ಚೆನ್ನಾಗಿ ಅಧ್ಯಯನವಾಗಿರುವ ಮೆಗ್ನೀಸಿಯಂ ಸಲ್ಫೇಟ್‌ನಲ್ಲಿ ಒಂದು ನೀರಿನ ಕೀಸರೈಟ್‌ಗೆ ಸುಮಾರು 1046, ಏಳು ನೀರಿನ ಎಪ್ಸಮೈಟ್‌ಗೆ ಸುಮಾರು 984 ಪ್ರತಿ ಸೆಂಟಿಮೀಟರ್. ಮ್ಯಾಂಗನೀಸ್ ಲವಣಗಳಲ್ಲೂ ಸರಿಯುವ ದಿಕ್ಕು ಇದೇ. ಲೇಸರ್ ಶಕ್ತಿ ಕಮ್ಮಿ ಇಡಿ, ಇಲ್ಲದಿದ್ದರೆ ಅಳೆಯುತ್ತಿರುವ ಚುಕ್ಕಿಯೇ ಬೆಂದು ಒಣಗುತ್ತದೆ.

ಏಳಕ್ಕಿಂತ ಜಾಸ್ತಿ ನೀರು ಹಿಡಿಯೋ ಸಲ್ಫೇಟ್ ಇದ್ಯಾ?

ಒಂದೇ ಲೋಹದ ಸರಳ ಸಲ್ಫೇಟ್‌ಗಳಲ್ಲಿ ಮೆಗ್ನೀಸಿಯಂನದ್ದು ಇದೆ, 11 ನೀರಿನ ಮೆರಿಡಿಯಾನಿಯೈಟ್. ಮಂಗಳ ಗ್ರಹದ ಮೆರಿಡಿಯಾನಿ ಬಯಲಿನ ಹೆಸರು ಅದಕ್ಕೆ. ಭೂಮಿಯ ಮೇಲೆ ಹೆಪ್ಪುಗಟ್ಟಿದ ಸರೋವರಗಳಲ್ಲಿ ಸಿಕ್ಕಿದೆ. ಮಲಾರ್ಡೈಟ್ 9 ಡಿಗ್ರಿಗೆ ಕೈಬಿಟ್ಟರೆ ಇದು ಸುಮಾರು 2 ಡಿಗ್ರಿಗೇ ಕೈಬಿಟ್ಟು ಎಪ್ಸಮೈಟ್ ಮತ್ತು ನೀರಾಗಿ ಒಡೆಯುತ್ತದೆ. ಮಾದರಿ ಬೇಕೆಂದರೆ ಮಂಜುಗಡ್ಡೆ ಡಬ್ಬಿ ಹೊತ್ತುಕೊಂಡೇ ಹೋಗಬೇಕು.